ಮಗು ಹೊಳೆ ಅಂದಿತು, ನಾವು ಮೋರಿ ಅಂದೆವು

ಕಳೆದ ಮಳೆಗಾಲದ ಒಂದು ಭಾನುವಾರ ಮೊಮ್ಮಗಳನ್ನು ಕರೆದುಕೊಂಡು ವಿಜಯನಗರದಲ್ಲಿ ಮೆಟ್ರೋ ಹತ್ತಿ ಕೆಂಗೇರಿಗೆ ಹೊರಟಿದ್ದೆ. ಅವಳಿಗೆ ಐದು ತುಂಬಿ ಆರು ನಡೆಯುತ್ತಿದೆ. ಸೀಟಿನ ಮೇಲೆ ಮಂಡಿಯೂರಿ, ಕಿಟಕಿಯ ಗಾಜಿಗೆ ಮೂಗು ಒತ್ತಿ ಕೂತಿದ್ದಳು. ಉಸಿರಿಗೆ ಗಾಜು ಮಸುಕಾಗುತ್ತಿತ್ತು. ಅಂಗೈಯಲ್ಲಿ ಒರೆಸುವಳು, ಮತ್ತೆ ನೋಡುವಳು. ನಾಯಂಡಹಳ್ಳಿ ದಾಟಿತು. ಕೆಳಗೆ ಮೈಸೂರು ರಸ್ತೆಯ ಮಗ್ಗುಲಲ್ಲಿ ಕಪ್ಪು ನೀರು ಕಾಣಿಸಿತು.

“ತಾತಾ, ಆ ಹೊಳೆ ಹೆಸ್ರೇನು?”

“ಹೊಳೆ ಅಲ್ಲ ಪುಟ್ಟಿ, ಅದು ಮೋರಿ. ಕೆಂಗೇರಿ ಮೋರಿ.”

“ಮೋರಿ ಅಷ್ಟು ದೊಡ್ಡದಿರತ್ತಾ?”

ನಾನು ಮಾತಾಡಲಿಲ್ಲ. ಅಷ್ಟರಲ್ಲಿ ಅವಳು ಗಾಜನ್ನು ತಟ್ಟುತ್ತಾ ಕುಣಿದಳು. “ನೋಡು ತಾತಾ, ನೋಡು! ಮೋಡ ನೀರಿಗಿಳಿದಿದೆ!”

ಬಗ್ಗಿ ನೋಡಿದೆ. ನೊರೆ. ಬೆಳ್ಳಗೆ, ಗುಡ್ಡೆ ಗುಡ್ಡೆಯಾಗಿ, ಗಾಳಿಗೆ ಅಲುಗಾಡುತ್ತಾ ಕಪ್ಪು ನೀರಿನ ಮೇಲೆ ತೇಲುತ್ತಿತ್ತು. ನಮ್ಮ ಮನೆಗಳ ಸೋಪಿನಪುಡಿ, ಕಾರ್ಖಾನೆಗಳ ರಾಸಾಯನಿಕ, ಊರಿನ ಹೊಲಸು ಎಲ್ಲ ಸೇರಿ ಎದ್ದ ನೊರೆ. ಆ ಮಗುವಿನ ಕಣ್ಣಿಗೆ ಅದು ಆಕಾಶದಿಂದ ಇಳಿದು ಬಂದ ಮೋಡ.

“ಅದು ಎಲ್ಲಿಗೆ ಹೋಗತ್ತೆ ತಾತಾ?”

ಬಸವೇಶ್ವರನಗರದಲ್ಲಿ ನಲವತ್ತು ವರ್ಷ ಬಾಳಿದವನು ನಾನು. ಈ ನೀರನ್ನು ಸಾವಿರ ಸಲ ದಾಟಿದ್ದೇನೆ, ಪ್ರತಿ ಸಲವೂ ಮೂಗಿಗೆ ಕರ್ಚೀಪು ಹಿಡಿದಿದ್ದೇನೆ. ಎಲ್ಲಿಗೆ ಹೋಗುತ್ತದೆಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. “ಸುಮ್ನೆ ಕೂತ್ಕೋ, ಬಿದ್ದುಬಿಡ್ತೀಯ” ಅಂದೆ. ಅವಳು ತಿರುಗಿ ಕೂತಳು. ಕೆಂಗೇರಿ ಬರುವವರೆಗೂ ಇನ್ನೊಂದು ಪ್ರಶ್ನೆ ಕೇಳಲಿಲ್ಲ.

ಆ ಮೌನ ನನ್ನನ್ನು ಇಂದಿಗೂ ಬಿಟ್ಟಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ರಾಜಾಜಿನಗರದ, ವಿಜಯನಗರದ, ಬಸವೇಶ್ವರನಗರದ, ಕೆಂಗೇರಿಯ ನನ್ನ ನೆರೆಹೊರೆಯವರೇ, ತಂದೆತಾಯಿಗಳೇ, ಅಜ್ಜ ಅಜ್ಜಿಯರೇ, ಮೇಷ್ಟ್ರುಗಳೇ, ಇದು ನಿಮಗೆ ಬರೆದ ಕಾಗದ ಅಂದುಕೊಳ್ಳಿ. ಒಂದು ಹೊಳೆಯನ್ನು ನಾವು ಕಳೆದುಕೊಂಡಿದ್ದೇವೆ. ಅದನ್ನು ಕಳೆದುಕೊಳ್ಳುವ ಮೊದಲೇ ಅದನ್ನು ಹೊಳೆಯಾಗಿ ಕಾಣುವ ಕಣ್ಣನ್ನು ಕಳೆದುಕೊಂಡಿದ್ದೆವು. ಆ ಕಣ್ಣು ನಮ್ಮ ಮಕ್ಕಳಿಗೆ ಇನ್ನೂ ಇದೆ. ಅದನ್ನು ನಾವೇ ಮುಚ್ಚಿಸುತ್ತಿದ್ದೇವೆ, ದಿನಾ, “ಸುಮ್ನಿರು” ಅನ್ನುವ ಒಂದೇ ಮಾತಿನಿಂದ.

ಮನೆಗೆ ಬಂದ ಮೇಲೆ ಅವಳ ಪ್ರಶ್ನೆಗೆ ಉತ್ತರ ಹುಡುಕಲು ಕೂತೆ. ಸಿಕ್ಕಿದ್ದನ್ನು ನಿಮಗೂ ಹೇಳುತ್ತೇನೆ.

ಆ ನೀರಿಗೆ ಹೆಸರಿದೆ: ವೃಷಭಾವತಿ. ವೃಷಭ ಎಂದರೆ ಎತ್ತು, ನಂದಿ. ವೃಷಭ ಎಂಬ ಮಾತು ಕನ್ನಡದ ಬಾಯಲ್ಲಿ ಸವೆದು ಬಸವ ಆಗಿದೆ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಇದು ಹುಟ್ಟಿತೆಂದು ಜನ ನಂಬಿದ್ದಾರೆ. ಇನ್ನೊಂದು ಕವಲು ಮಲ್ಲೇಶ್ವರದ ಕಾಡುಮಲ್ಲೇಶ್ವರನ ಕಡೆಯಿಂದ ಬರುತ್ತದೆ. ಅಲ್ಲಿ ಗುಡಿಯ ಎದುರಿಗೇ ನಂದಿತೀರ್ಥವಿದೆ. 1990ರ ದಶಕದ ಕೊನೆಯಲ್ಲಿ ಮಣ್ಣು ತೆಗೆದಾಗ ಮತ್ತೆ ಬೆಳಕಿಗೆ ಬಂದ ಹಳೆಯ ಕಲ್ಯಾಣಿ ಅದು. ನಂದಿಯ ಬಾಯಿಂದ ನೀರು ಸಣ್ಣ ಎಳೆಯಾಗಿ ಲಿಂಗದ ಮೇಲೆ ಬೀಳುತ್ತದೆ. ಎಲ್ಲ ನೋಡಿ ಬಂದ ಮೇಲೆ ಒಂದು ಯೋಚನೆ ಬಂತು. ನನ್ನ ಬಡಾವಣೆಯ ಹೆಸರಲ್ಲಿ ಬಸವನಿದ್ದಾನೆ, ಅದರ ಕೆಳಗೆ ಹರಿಯುವ ನೀರಿನ ಹೆಸರಲ್ಲೂ ಬಸವನಿದ್ದಾನೆ. ಒಂದು ಹೆಸರನ್ನು ಮನೆಯ ಗೇಟಿನ ವಿಳಾಸದಲ್ಲಿ ಹೆಮ್ಮೆಯಿಂದ ಬರೆಸಿದ್ದೇವೆ. ಇನ್ನೊಂದನ್ನು ಮರೆತಿದ್ದೇವೆ.

ಬೆಂಗಳೂರು ಒಂದು ದಿಬ್ಬದ ಬೆನ್ನಿನ ಮೇಲೆ ಕೂತ ಊರು. ಆ ಬೆನ್ನಿನ ಪೂರ್ವಕ್ಕೆ ಬಿದ್ದ ಮಳೆ ದಕ್ಷಿಣ ಪಿನಾಕಿನಿಯ ಕಡೆ ಹೋಗುತ್ತದೆ, ಪಶ್ಚಿಮಕ್ಕೆ ಬಿದ್ದದ್ದು ಅರ್ಕಾವತಿಯ ಕಡೆ. ಒಂದೇ ಮೋಡದಿಂದ ಅಕ್ಕಪಕ್ಕ ಬಿದ್ದ ಎರಡು ಹನಿಗಳು ಈ ಊರಿನಲ್ಲಿ ಬೇರೆಬೇರೆ ದಾರಿ ಹಿಡಿದು, ಬೇರೆಬೇರೆ ಊರುಗಳನ್ನು ಹಾದು, ಕೊನೆಗೆ ಒಂದೇ ಬಂಗಾಳಕೊಲ್ಲಿಯನ್ನು ಸೇರಬೇಕು. ನಾವು ಪಶ್ಚಿಮದವರು. ನಮ್ಮ ತಾರಸಿಯ ಮೇಲೆ ಬಿದ್ದ ಹನಿಗೆ ವೃಷಭಾವತಿಯೇ ದಾರಿ. ಅದು ಬ್ಯಾಟರಾಯನಪುರದಲ್ಲಿ ಗಾಳಿ ಆಂಜನೇಯನನ್ನು ಕಂಡು, ನಾಯಂಡಹಳ್ಳಿ, ಜ್ಞಾನಭಾರತಿ, ಕೆಂಗೇರಿ ದಾಟಿ, ಬಿಡದಿ ಹತ್ತಿರದ ಬೈರಮಂಗಲ ಕೆರೆಗೆ ಹೋಗುತ್ತದೆ. ಅಲ್ಲಿಂದ ಮುಂದೆ ಕನಕಪುರದ ಕಡೆ ಅರ್ಕಾವತಿಯನ್ನು ಕೂಡುತ್ತದೆ. ಅರ್ಕಾವತಿ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ.

ಈಗ ನಮ್ಮ ಮನೆಯ ನಲ್ಲಿ ತಿರುಗಿಸಿ. ಅಲ್ಲಿ ಬರುವುದೂ ಕಾವೇರಿಯೇ. 1974ರಲ್ಲಿ ಮೊದಲ ಹಂತದ ಯೋಜನೆಯಲ್ಲಿ ಈ ಊರಿಗೆ ಬಂದವಳು. ತೊರೆಕಾಡನಹಳ್ಳಿಯಿಂದ ಹೊರಟು, ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಮತ್ತೆ ಪಂಪುಗಳ ಒತ್ತಡಕ್ಕೆ ಮೇಲೆದ್ದು, ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಹತ್ತಿ ನಮ್ಮ ಬಿಂದಿಗೆಗೆ ಬರುತ್ತಾಳೆ. ಒಂದು ನದಿ ಬೆಟ್ಟ ಹತ್ತಿ ನಮ್ಮ ಅಡುಗೆಮನೆಗೆ ಬರುತ್ತದೆ ಎಂದು ಮಗುವಿಗೆ ಹೇಳಿ ನೋಡಿ, ಅದು ಕಣ್ಣರಳಿಸುತ್ತದೆ. ನಾವು ಆ ನೀರಲ್ಲಿ ಅಕ್ಕಿ ತೊಳೆಯುತ್ತೇವೆ, ಬಟ್ಟೆ ಒಗೆಯುತ್ತೇವೆ, ಮಗುವಿಗೆ ಎರೆಯುತ್ತೇವೆ. ಆಮೇಲೆ ಅದನ್ನು ಮೋರಿಗೆ ಬಿಡುತ್ತೇವೆ. ವೃಷಭಾವತಿ ಅದನ್ನು ಹೊತ್ತು ಅರ್ಕಾವತಿಗೆ ಕೊಡುತ್ತದೆ, ಅರ್ಕಾವತಿ ತಿರುಗಿ ಕಾವೇರಿಗೆ ಕೊಡುತ್ತದೆ. ಕಾವೇರಿಯಿಂದ ಸಾಲ ತಂದ ನೀರನ್ನು ಕಾವೇರಿಗೇ ಹಿಂದಿರುಗಿಸುತ್ತಿದ್ದೇವೆ. ಯಾವ ಸ್ಥಿತಿಯಲ್ಲಿ ಹಿಂದಿರುಗಿಸುತ್ತಿದ್ದೇವೆ? ಪಕ್ಕದ ಮನೆಯಿಂದ ಪಾತ್ರೆ ಇಸಕೊಂಡರೆ ಬೆಳಗಿ ಕೊಡಬೇಕು, ಬರಿದಾಗಿ ಕೊಡಬಾರದು ಎಂದು ನಮ್ಮ ಅಮ್ಮಂದಿರು ಕಲಿಸಿದ್ದರಲ್ಲ. ಆ ಪಾತ್ರೆಯಲ್ಲಿ ಬೆಲ್ಲದ ಚೂರಾದರೂ ಇಟ್ಟು ಕಳಿಸುತ್ತಿದ್ದರು.

ಈ ಸುತ್ತನ್ನು ತಿಳಿಯಲು ದೊಡ್ಡ ವಿಜ್ಞಾನ ಬೇಕಿಲ್ಲ. ಎಲ್ಲಿಂದ ಬಂತು, ಎಲ್ಲಿಗೆ ಹೋಗುತ್ತದೆ ಎಂಬ ಎರಡು ಪ್ರಶ್ನೆ ಸಾಕು. ಎರಡೂ ಐದು ವರ್ಷದ ಮಗುವಿನ ಪ್ರಶ್ನೆಗಳು. ಅವನ್ನು ಕೇಳುವುದನ್ನು ಬಿಟ್ಟ ದೊಡ್ಡವರಾದ ನಾವು ಒಂದು ನದಿಯನ್ನು ಈ ಗತಿಗೆ ತಂದೆವು. ಪೀಣ್ಯ, ರಾಜಾಜಿನಗರದ ಕೈಗಾರಿಕಾ ಪ್ರದೇಶಗಳ ತ್ಯಾಜ್ಯ ಸೇರಿತು, ಲಕ್ಷಾಂತರ ಮನೆಗಳ ಕೊಳಚೆ ಸೇರಿತು. ಕಾಗದಪತ್ರಗಳಲ್ಲಿ ಅದು ರಾಜಕಾಲುವೆ ಆಯಿತು, ಬಾಯಲ್ಲಿ ಮೋರಿ ಆಯಿತು. ಹೊಳೆ ಅಂದಿದ್ದರೆ ಕಸದ ಚೀಲ ಎಸೆಯುವ ಕೈ ಒಂದು ಕ್ಷಣ ತಡೆಯುತ್ತಿತ್ತು. ಮೋರಿ ಅಂದ ಮೇಲೆ ಯಾರು ತಡೆದಾರು? ಮೋರಿ ಇರುವುದೇ ಎಸೆಯುವುದಕ್ಕೆ. ಈ ಹೊಳೆಯಲ್ಲಿ ಮಿಂದು, ಒದ್ದೆ ಬಟ್ಟೆಯಲ್ಲೇ ಗಾಳಿ ಆಂಜನೇಯನಿಗೆ ಪ್ರದಕ್ಷಿಣೆ ಬಂದ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಒಂದು ಆಯುಷ್ಯದೊಳಗೇ ಆದ ಮಾರ್ಪಾಡು ಇದು.

ಬೆರಗು ಎಂದರೆ ಬಿಡುವಿನ ಹೊತ್ತಿನ ಸೊಗಸು, ಕವಿಗಳಿಗೂ ಮಕ್ಕಳಿಗೂ ಬಿಟ್ಟ ವಿಷಯ ಎಂದು ತುಂಬ ಜನ ತಿಳಿದಿದ್ದಾರೆ. ನಾನು ಹಾಗೆ ತಿಳಿದಿಲ್ಲ. ಕಾಣದ್ದನ್ನು ಮನಸ್ಸಿನಲ್ಲಿ ಕಂಡುಕೊಳ್ಳುವ ಶಕ್ತಿಯೇ ಕಲ್ಪನೆ. ಬೈರಮಂಗಲದ ರೈತನನ್ನು ನಾನು ಕಂಡಿಲ್ಲ. ನಾವು ಬಿಟ್ಟ ನೀರಲ್ಲಿ ಅವನು ಹುಲ್ಲು ಬೆಳೆಯುತ್ತಾನೆ, ಬೇಬಿಕಾರ್ನ್ ಬೆಳೆಯುತ್ತಾನೆ, ಆ ನೀರಿಗೆ ಕಾಲಿಟ್ಟು ತುರಿಕೆ ಹತ್ತಿಸಿಕೊಳ್ಳುತ್ತಾನೆ. ಅವನನ್ನು ಮನಸ್ಸಿನ ಮುಂದೆ ನಿಲ್ಲಿಸಿಕೊಳ್ಳಲಾರದವನಿಗೆ ಅವನ ಬಗ್ಗೆ ಕನಿಕರ ಎಲ್ಲಿಂದ ಬರಬೇಕು? ಬೆರಗು ಬತ್ತಿದ ಕಡೆ ಹೊಣೆಯೂ ಬತ್ತುತ್ತದೆ.

ಹಲವು ವರ್ಷಗಳ ಹಿಂದಿನ ಒಂದು ದೃಶ್ಯ ನೆನಪಾಗುತ್ತದೆ. ನಮ್ಮ ಬೀದಿಯಲ್ಲಿ ಮ್ಯಾನ್‌ಹೋಲ್ ಕಟ್ಟಿಕೊಂಡಿತ್ತು. ಒಬ್ಬ ಯುವಕ ಅಂಗಿ ಬಿಚ್ಚಿ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಒಳಗಿಳಿದ. ದೊಡ್ಡವರೆಲ್ಲ ಮೂಗು ಮುಚ್ಚಿಕೊಂಡು ಗೇಟಿನೊಳಗೆ ನಿಂತಿದ್ದೆವು, ಬೇಗ ಮುಗಿದರೆ ಸಾಕು ಎಂದು. ಎದುರು ಮನೆಯ ಪುಟ್ಟ ಹುಡುಗ ಮಾತ್ರ ಅವನ ಅಮ್ಮನ ಸೆರಗು ಜಗ್ಗಿ ಕೇಳಿದ: “ಅಮ್ಮಾ, ಆ ಅಣ್ಣ ಒಳಗೆ ಉಸಿರಾಡೋದು ಹೇಗೆ?” ಯಾರೂ ಉತ್ತರ ಕೊಡಲಿಲ್ಲ. ಅಮ್ಮ ಅವನನ್ನು ಒಳಗೆ ಕರೆದುಕೊಂಡು ಹೋದಳು. ಮನುಷ್ಯರನ್ನು ಹಾಗೆ ಇಳಿಸುವುದನ್ನು ತಡೆಯುವ ಕಾನೂನು 2013ರಲ್ಲಿ ಬಂತು. ಆ ಕಾನೂನಿನ ಪುಟಗಳ ತಿರುಳೆಲ್ಲ ಆ ಹುಡುಗನ ಒಂದು ಪ್ರಶ್ನೆಯಲ್ಲಿತ್ತು. ಅವನು ತನ್ನನ್ನೇ ಆ ಗುಂಡಿಯೊಳಗೆ ಇಟ್ಟು ನೋಡಿದ್ದ. ನಾವು ನಮ್ಮನ್ನು ಇಟ್ಟು ನೋಡಿರಲಿಲ್ಲ. ಅಂದು ನಮಗೆಲ್ಲ ವಿದ್ಯೆಯಿತ್ತು, ಕೆಲಸವಿತ್ತು, ದೇವರ ಕೋಣೆಯಲ್ಲಿ ದೀಪವಿತ್ತು. ಆ ಹುಡುಗನಿಗಿದ್ದ ಕಲ್ಪನೆ ಇರಲಿಲ್ಲ.

ಕೆಂಗೇರಿಯಿಂದ ಆಚೆ ರಾಮೋಹಳ್ಳಿಯ ದೊಡ್ಡ ಆಲದ ಮರ ನಿಮಗೆಲ್ಲ ಗೊತ್ತು. ನಾನೂರು ವರ್ಷಕ್ಕೂ ಹಳೆಯದು, ಸುಮಾರು ಮೂರು ಎಕರೆ ಹಬ್ಬಿದೆ ಎನ್ನುತ್ತಾರೆ. ಅದರ ತಾಯಿಬೊಡ್ಡೆ ರೋಗ ಬಂದು ಸತ್ತು ವರ್ಷಗಳಾದವು. ಬಿಳಲುಗಳೇ ಬೊಡ್ಡೆಗಳಾಗಿ ಮರ ನಿಂತಿದೆ, ಮೂಲವೇ ಇಲ್ಲದ ಮೇಲೂ ಮಕ್ಕಳು ಮನೆಯನ್ನು ಹೊತ್ತು ನಿಂತ ಹಾಗೆ. ಮೊಮ್ಮಗಳನ್ನು ಅಲ್ಲಿಗೂ ಕರೆದುಕೊಂಡು ಹೋದೆ. ಸುತ್ತಲೂ ಜನ ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ಅವಳು ಕೆಳಗೆ ಬಿದ್ದಿದ್ದ ಕೆಂಪು ಹಣ್ಣೊಂದನ್ನು ಹೆಕ್ಕಿ ಉಗುರಲ್ಲಿ ಸೀಳಿದಳು. ಒಳಗೆ ಎಳ್ಳಿಗಿಂತ ಸಣ್ಣ ಬೀಜಗಳು. ಒಂದನ್ನು ಬೆರಳ ತುದಿಗೆ ಅಂಟಿಸಿಕೊಂಡು, ತಲೆಯೆತ್ತಿ ಮರವನ್ನು ನೋಡಿದಳು. ಮತ್ತೆ ಬೆರಳನ್ನು ನೋಡಿದಳು. ಮತ್ತೆ ಮರವನ್ನು. “ಇಷ್ಟೇ ಇಷ್ಟರಲ್ಲಿ ಅಷ್ಟು ದೊಡ್ಡದು ಹೇಗೆ ಕೂತಿತ್ತು?” ಅಂದಳು.

ನನಗೆ ಮೈ ನವಿರೆದ್ದಿತು. ಛಾಂದೋಗ್ಯದಲ್ಲಿ ಶ್ವೇತಕೇತುವಿನ ಕಥೆ ಬರುತ್ತದೆ. ಹನ್ನೆರಡನೇ ವಯಸ್ಸಿಗೆ ಓದಲು ಹೋದ ಹುಡುಗ ಇಪ್ಪತ್ತನಾಲ್ಕಕ್ಕೆ ಎಲ್ಲ ವೇದ ಕಲಿತು, ಬೀಗುತ್ತಾ ಮನೆಗೆ ಬರುತ್ತಾನೆ. ತಂದೆ ಉದ್ದಾಲಕ ಅವನಿಗೆ ಆಲದ ಹಣ್ಣು ತರಲು ಹೇಳುತ್ತಾನೆ. ಒಡೆಸುತ್ತಾನೆ. ಒಳಗಿನ ಬೀಜವನ್ನೂ ಒಡೆಸುತ್ತಾನೆ. ಏನು ಕಾಣುತ್ತದೆ ಎಂದು ಕೇಳುತ್ತಾನೆ. ಮಗ ಏನೂ ಕಾಣುವುದಿಲ್ಲ ಎನ್ನುತ್ತಾನೆ. ಆ ಕಾಣದ್ದರಿಂದಲೇ ಈ ಮಹಾವೃಕ್ಷ ಎದ್ದಿದೆ ಎಂದು ತಂದೆ ತಿಳಿಸುತ್ತಾನೆ. ಹನ್ನೆರಡು ವರ್ಷದ ಓದು ಕೊಡದೆ ಹೋದದ್ದನ್ನು ಒಂದು ಆಲದ ಹಣ್ಣಿನಿಂದ ಕೊಟ್ಟ ಆ ತಂದೆಯನ್ನು ನಾವು ನೆನೆಯಬೇಕು. ನಮ್ಮ ಮಕ್ಕಳನ್ನು ಶಾಲೆಯಿಂದ ಟ್ಯೂಷನ್‌ಗೆ, ಟ್ಯೂಷನ್‌ನಿಂದ ಅಬ್ಯಾಕಸ್‌ಗೆ ಬೈಕಿನಲ್ಲಿ ಹೊತ್ತು ಓಡುವ ನಾವು, ಒಮ್ಮೆಯಾದರೂ ಅವರ ಕೈಗೆ ಒಂದು ಹಣ್ಣು ಕೊಟ್ಟು, “ಒಡೆದು ನೋಡು, ಏನಿದೆ?” ಎಂದು ಪಕ್ಕದಲ್ಲಿ ಕೂತಿದ್ದೇವೆಯೇ?

ಆ ಹಣ್ಣಿನೊಳಗೆ ಇನ್ನೊಂದು ಸೋಜಿಗವಿದೆ. ನಾವು ಆಲದ ಹಣ್ಣು ಅನ್ನುವುದು ಒಳಮುಖವಾಗಿ ಅರಳಿದ ನೂರಾರು ಸಣ್ಣ ಹೂಗಳ ಮುಚ್ಚಿದ ಬುಟ್ಟಿ. ಅತ್ತಿಯ ಹೂವನ್ನು ಕಂಡವರಿಲ್ಲ ಎಂದು ನಮ್ಮವರು ಹೇಳುತ್ತಿದ್ದದ್ದು ಇದಕ್ಕೇ. ಹೂವು ಒಳಗೇ ಅರಳಿರುತ್ತದೆ. ಎಳ್ಳಿನಷ್ಟೇ ಪುಟ್ಟ ಒಂದು ಕಣಜ ಆ ಬುಟ್ಟಿಯ ತುದಿಯ ಸಣ್ಣ ಕಿಂಡಿಯಲ್ಲಿ ನುಗ್ಗಿ, ನುಗ್ಗುವಾಗ ರೆಕ್ಕೆ ಕಳೆದುಕೊಂಡು, ಒಳಗೆ ಪರಾಗ ಮುಟ್ಟಿಸಿ, ಮೊಟ್ಟೆಯಿಟ್ಟು, ಅಲ್ಲೇ ಸಾಯುತ್ತದೆ. ಆಲಕ್ಕೆ ಆಲದ್ದೇ ಕಣಜ, ಅತ್ತಿಗೆ ಅತ್ತಿಯದೇ ಕಣಜ. ಆ ಹುಳು ಇಲ್ಲದಿದ್ದರೆ ನಾನೂರು ವರ್ಷದ ಮರದಿಂದ ಮೊಳೆಯುವ ಬೀಜ ಒಂದೂ ಹುಟ್ಟುವುದಿಲ್ಲ. ರಾಜಾಜಿನಗರದ ಹಳೆಯ ಗೋಡೆಗಳ ಬಿರುಕಲ್ಲಿ, ಫ್ಲೈಓವರ್‌ಗಳ ಸಂದಿನಲ್ಲಿ ತಾನಾಗಿ ಎದ್ದ ಆಲದ ಸಸಿ, ಅರಳಿ ಸಸಿ ಕಂಡಾಗ ಇದನ್ನು ಮಗುವಿಗೆ ಹೇಳಿ. ಒಂದು ಹುಳು ಪರಾಗ ಮುಟ್ಟಿಸಿತು, ಒಂದು ಹಕ್ಕಿ ಹಣ್ಣು ತಿಂದು ಬೀಜ ತಂದು ಇಲ್ಲಿ ಹಾಕಿತು. ಅದಕ್ಕೇ ಈ ಹಸುರು ಇಲ್ಲಿದೆ.

ಕೆಲವರು ನನ್ನನ್ನು ಕೇಳಿದ್ದಾರೆ: ಇದೆಲ್ಲ ಹೊಟ್ಟೆ ತುಂಬಿದವರ ಮಾತಲ್ಲವೇ? ದಿನವಿಡೀ ದುಡಿಯುವವರಿಗೆ ಬೆರಗುಪಡಲು ಹೊತ್ತೆಲ್ಲಿದೆ? ಈ ಪ್ರಶ್ನೆಗೆ ಉತ್ತರ ಕೊಟ್ಟವಳು ಒಬ್ಬ ತಾಯಿ. ಸಂಜೆ ಏಳರ ಕೆಂಗೇರಿ ಬಸ್ಸು, ಕಾಲಿಡಲು ಜಾಗವಿಲ್ಲ. ಗಾರ್ಮೆಂಟ್ಸ್‌ನಿಂದ ಬರುತ್ತಿದ್ದಳು, ಸೀರೆಗೆ ದಾರದ ಎಳೆಗಳು ಅಂಟಿಕೊಂಡಿದ್ದವು. ತೊಡೆಯ ಮೇಲೆ ಮೂರು ವರ್ಷದ ಗಂಡುಮಗು. ಕಿಟಕಿಯಾಚೆ ಕಟ್ಟಡಗಳ ಸಂದಿನಲ್ಲಿ ಚಂದ್ರ ಕಾಣುವುದು, ಮರೆಯಾಗುವುದು, ಮತ್ತೆ ಕಾಣುವುದು. “ಚಂದಮಾಮ ನಮ್ ಬಸ್ ಹಿಂದೇನೇ ಓಡ್ ಬರ್ತಾವ್ನೆ ನೋಡು, ಟಿಕೆಟ್ ತಗೊಂಡಿಲ್ಲ ಅವ್ನು” ಅಂದಳು. ಮಗು ಕೇಕೆ ಹಾಕಿ ನಕ್ಕಿತು. ಸುತ್ತ ನಿಂತಿದ್ದ ದಣಿದ ಮುಖಗಳೂ ಅರಳಿದವು. ಎಂಟು ಗಂಟೆ ಹೊಲಿಗೆ ಮೆಷಿನ್ನಿನ ಮುಂದೆ ಕೂತು ಬಂದವಳು ಮಗನಿಗೆ ಚಂದ್ರನನ್ನು ಕೊಟ್ಟಳು. ಖರ್ಚಾದದ್ದು ಒಂದು ಮಾತು. ಆ ಮಗು ದೊಡ್ಡದಾಗಿ, ಚಂದ್ರ ಯಾಕೆ ಜೊತೆಗೇ ಬರುತ್ತಾನೆ ಎಂದು ಕೇಳುವ ದಿನ ಬರುತ್ತದೆ. ಚಂದ್ರ ಸುಮಾರು 3,84,000 ಕಿಲೋಮೀಟರ್ ದೂರದಲ್ಲಿದ್ದಾನೆ, ಅಷ್ಟು ದೂರದವನಿಗೆ ನಮ್ಮ ಬಸ್ಸಿನ ಓಟ ಲೆಕ್ಕಕ್ಕೇ ಇಲ್ಲ, ಅದಕ್ಕೇ ಅವನು ನಮ್ಮ ಕಿಟಕಿಯಿಂದ ಕದಲುವುದಿಲ್ಲ ಎಂದು ಅಂದು ತಿಳಿಯುತ್ತದೆ. ಅಮ್ಮನ ಕಥೆ ಬಿತ್ತಿದ ಪ್ರಶ್ನೆಗೆ ವಿಜ್ಞಾನ ಉತ್ತರ ಕೊಡುತ್ತದೆ.

ಬೆರಗು ಮೂಢನಂಬಿಕೆಗೆ ದಾರಿಯಾದೀತು ಎಂದು ಅಂಜುವವರಿಗೂ ಇದನ್ನೇ ಹೇಳುತ್ತೇನೆ. ಮೂಢನಂಬಿಕೆ ಪ್ರಶ್ನೆಯನ್ನು ಮುಚ್ಚಿಸುತ್ತದೆ, ಬೆರಗು ಪ್ರಶ್ನೆಯನ್ನು ತೆರೆಯುತ್ತದೆ. ಇದೇ ಬೆಂಗಳೂರಿನಲ್ಲಿ ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆ ಕಟ್ಟಿ, ಪ್ರಶ್ನಿಸದೆ ಒಪ್ಪಬೇಡಿ ಎಂದು ಬದುಕಿನುದ್ದಕ್ಕೂ ಹೇಳಿದರು. ತಮ್ಮ ಲೇಖನಗಳ ಸಂಕಲನಕ್ಕೆ ಅವರು ‘ತೆರೆದ ಮನ’ ಎಂದು ಹೆಸರಿಟ್ಟರು. ಬೆಂಗಳೂರನ್ನೇ ಮನೆ ಮಾಡಿಕೊಂಡ ಸಿ.ವಿ. ರಾಮನ್ ಅವರನ್ನು ನೋಡಿ. 1921ರಲ್ಲಿ ಹಡಗಿನಲ್ಲಿ ಬರುತ್ತಿದ್ದಾಗ ಮೆಡಿಟರೇನಿಯನ್ ಸಮುದ್ರದ ನೀಲಿ ಅವರನ್ನು ಹಿಡಿದು ನಿಲ್ಲಿಸಿತು. ಆಕಾಶದ ಬಣ್ಣ ನೀರಲ್ಲಿ ಪ್ರತಿಫಲಿಸುತ್ತದೆ ಎಂಬ ದೊಡ್ಡವರ ಉತ್ತರ ಅವರಿಗೆ ಸಾಕಾಗಲಿಲ್ಲ. ಸಮುದ್ರ ಯಾಕೆ ನೀಲಿ ಎಂಬ ಮಗುವಿನ ಪ್ರಶ್ನೆಯನ್ನು ಅವರು ಬಿಡಲಿಲ್ಲ. ಬೆಳಕಿನ ಚದುರುವಿಕೆಯ ಬೆನ್ನು ಹತ್ತಿದ ಆ ಹುಡುಕಾಟ 1928ರ ಫೆಬ್ರವರಿ 28ಕ್ಕೆ ರಾಮನ್ ಪರಿಣಾಮವನ್ನು ತಲುಪಿತು.

ಕನ್ನಡದ ದೊಡ್ಡ ಮನಸ್ಸುಗಳು ಮಕ್ಕಳ ಮುಂದೆ ಬಾಗಿ ಕೂತಿವೆ. ಶಿವರಾಮ ಕಾರಂತರು ಕನ್ನಡದ ಮಕ್ಕಳಿಗೆ ಜಗತ್ತನ್ನು ತೋರಿಸಬೇಕೆಂದು ಒಬ್ಬರೇ ಕೂತು 1936ರ ಹೊತ್ತಿಗೆ ಮೂರು ಸಂಪುಟಗಳ ‘ಬಾಲಪ್ರಪಂಚ’ ತಂದರು. ಜಿ.ಪಿ. ರಾಜರತ್ನಂ ಪುಟ್ಟ ಬಾಯಿಗಳಿಗೆಂದೇ ಪದ್ಯ ಬರೆದರು. ನಮ್ಮ ಭಾಗದ ಮೆಟ್ರೋ ನಿಲ್ದಾಣವೊಂದಕ್ಕೆ ಮಹಾಕವಿ ಕುವೆಂಪು ರಸ್ತೆ ಎಂದು ಹೆಸರಿದೆ, ದಿನಾ ಸಾವಿರಾರು ಜನ ಆ ಹೆಸರು ಕೇಳಿ ಇಳಿಯುತ್ತಾರೆ, ಹತ್ತುತ್ತಾರೆ. ಹುಟ್ಟುವ ಪ್ರತಿ ಮಗುವೂ ವಿಶ್ವಮಾನವ, ಬೆಳೆಸುತ್ತಾ ಬೆಳೆಸುತ್ತಾ ನಾವೇ ಅದನ್ನು ಅಲ್ಪಮಾನವ ಮಾಡುತ್ತೇವೆ ಎಂಬುದು ಅವರ ದರ್ಶನ. ಅವರು ಬ್ರೌನಿಂಗ್ ಕವಿಯ ಕಥೆಯೊಂದನ್ನು ತುಂಗೆಯ ದಡಕ್ಕೆ ತಂದು ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ಮಾಡಿಕೊಟ್ಟರು. ಚಿಕ್ಕಂದಿನಲ್ಲಿ ಅದು ಇಲಿಗಳ ಕಥೆಯೆಂದು ಕುಣಿದಿದ್ದೆ. ಈ ವಯಸ್ಸಿನಲ್ಲಿ ಅದು ದೊಡ್ಡವರ ಕಥೆಯಾಗಿ ಕಾಣುತ್ತದೆ. ಆ ಊರಿನ ಹಿರಿಯರು ಕೊಟ್ಟ ಮಾತಿಗೆ ತಪ್ಪಿದರು, ಅವರ ಮಕ್ಕಳು ಕಿಂದರಿಯ ನಾದದ ಹಿಂದೆ ಹೊರಟುಹೋದರು. ಪ್ರತಿ ಮಗುವಿಗೂ ನಾವು ಒಂದು ಮಾತು ಕೊಟ್ಟಿರುತ್ತೇವೆ, ಈ ಲೋಕವನ್ನು ನಿನಗೆ ತೋರಿಸುತ್ತೇನೆ ಎಂದು. ಅದಕ್ಕೆ ತಪ್ಪಿ ಊಟದ ಹೊತ್ತಿಗೆ ಫೋನು ಕೈಗಿಟ್ಟಾಗ, ಮಗು ಅದರೊಳಗಿನ ನಾದದ ಹಿಂದೆ ಹೋಗುತ್ತದೆ. ಆ ತಪ್ಪನ್ನು ಮಗುವಿನ ಮೇಲೆ ಹಾಕಬೇಡಿ.

ವಿಜಯನಗರದ, ಅತ್ತಿಗುಪ್ಪೆಯ ಕೋಚಿಂಗ್ ಸೆಂಟರುಗಳಲ್ಲಿ ಓದುತ್ತಿರುವ ನನ್ನ ತಮ್ಮ ತಂಗಿಯರಿಗೂ ಒಂದು ಮಾತು ಇದೆ. ಕಲಬುರಗಿಯಿಂದ, ರಾಯಚೂರಿನಿಂದ, ವಿಜಯಪುರದಿಂದ ಬಂದು, ಸಣ್ಣ ಕೋಣೆಯಲ್ಲಿ ಮೂವರು ನಾಲ್ವರು ಸೇರಿ, ರಾತ್ರಿಯೆಲ್ಲ ದೀಪ ಉರಿಸಿ ಓದುತ್ತೀರಿ. ನಿಮ್ಮ ಶ್ರಮ ನನಗೆ ಕಾಣುತ್ತದೆ. ವೃಷಭಾವತಿ ಅರ್ಕಾವತಿಯ ಉಪನದಿ ಎಂದು ನೀವು ಬಾಯಿಪಾಠ ಮಾಡಿದ್ದೀರಿ, ಅದಕ್ಕೆ ಒಂದು ಅಂಕವಿರಬಹುದು. ಒಂದು ಸಂಜೆ ಪುಸ್ತಕ ಮುಚ್ಚಿ ಅದರ ದಡಕ್ಕೆ ಬನ್ನಿ. ಹತ್ತು ನಿಮಿಷ ನಿಂತು ನೋಡಿ. ನಾಳೆ ನಿಮ್ಮಲ್ಲಿ ಯಾರೋ ತಹಶೀಲ್ದಾರರಾಗುತ್ತೀರಿ, ಯಾರೋ ಪರಿಸರ ಅಧಿಕಾರಿಗಳಾಗುತ್ತೀರಿ. ಈ ಹೊಳೆಯ ಕಡತ ನಿಮ್ಮ ಮೇಜಿಗೆ ಬರುತ್ತದೆ. ಆ ದಿನ ಸಹಿ ಹಾಕುವ ಕೈಗೆ ಈ ವಾಸನೆ, ಈ ಬಣ್ಣ, ಈ ನೊರೆ ನೆನಪಿರಲಿ. ನಿಮ್ಮೂರಿನ ಕೃಷ್ಣೆಯನ್ನೋ ಭೀಮೆಯನ್ನೋ ಬಾಲ್ಯದಲ್ಲಿ ಮೊದಲ ಸಲ ಕಂಡಾಗ ನಿಮಗೆ ಆದದ್ದು ಏನು ಎಂದು ಆ ಗಳಿಗೆಯಲ್ಲಿ ನೆನೆಯಿರಿ.

ಹಾಗಾದರೆ ಏನು ಮಾಡೋಣ? ನಾನು ಕೇಳುವುದು ದೊಡ್ಡದೇನಲ್ಲ.

ಮಗು ಪ್ರಶ್ನೆ ಕೇಳಿದಾಗ ಮಾಡುತ್ತಿರುವ ಕೆಲಸ ಒಂದು ನಿಮಿಷ ನಿಲ್ಲಲಿ. ಉತ್ತರ ಗೊತ್ತಿಲ್ಲದಿದ್ದರೆ “ನನಗೂ ಗೊತ್ತಿಲ್ಲ ಕಂದಾ, ಬಾ ಹುಡುಕೋಣ” ಅನ್ನಿ. ಆ ಮಾತಿನಿಂದ ನಿಮ್ಮ ಗೌರವ ಕುಗ್ಗುವುದಿಲ್ಲ. ಮಗುವಿಗೆ ಒಬ್ಬ ಜೊತೆಗಾರ ಸಿಗುತ್ತಾನೆ.

ವಾರಕ್ಕೊಮ್ಮೆ, ಅರ್ಧ ಗಂಟೆ, ಫೋನನ್ನು ಮನೆಯಲ್ಲಿ ಬಿಟ್ಟು ಮಗುವಿನ ಜೊತೆ ನಿಮ್ಮದೇ ಬೀದಿಯಲ್ಲಿ ನಡೆಯಿರಿ. ದಾರಿಯನ್ನು ಮಗುವೇ ಆರಿಸಲಿ. ಎಲ್ಲಿ ನಿಂತರೂ ನಿಲ್ಲಿ. ಇರುವೆಯ ಸಾಲಿರಲಿ, ಟ್ರಾನ್ಸ್‌ಫಾರ್ಮರ್ ಮೇಲಿನ ಕಾಗೆಗೂಡಿರಲಿ, ಗ್ಯಾರೇಜಿನ ಮುಂದೆ ಮಳೆನೀರ ಮೇಲೆ ಎಣ್ಣೆ ಬಿಡಿಸಿದ ಏಳು ಬಣ್ಣವಿರಲಿ, ಅವಸರ ಮಾಡಬೇಡಿ.

ಮೇಷ್ಟ್ರುಗಳೇ, ಈ ವರ್ಷದ ಮೊದಲ ಮಳೆಗೆ ನಿಮ್ಮ ಮಕ್ಕಳನ್ನು ಜಗಲಿಗೆ ಕರೆಯಿರಿ. ಶಾಲೆಯ ತಾರಸಿಯ ಮೇಲೆ ಬಿದ್ದ ಹನಿ ಎಲ್ಲೆಲ್ಲಿ ಹೋಗುತ್ತದೆಂದು ಅವರೇ ಹಿಂಬಾಲಿಸಿ ನಕ್ಷೆ ಬರೆಯಲಿ. ಕೊಳವೆ, ಚರಂಡಿ, ರಾಜಕಾಲುವೆ, ವೃಷಭಾವತಿ, ಅರ್ಕಾವತಿ, ಕಾವೇರಿ, ಸಮುದ್ರ. ಆ ನಕ್ಷೆ ಬರೆದ ಮಗು ಚಾಕೊಲೇಟಿನ ಪ್ಲಾಸ್ಟಿಕ್ಕನ್ನು ಚರಂಡಿಗೆ ಎಸೆಯುವ ಮುನ್ನ ಕೈ ಹಿಡಿಯುತ್ತದೆ.

ಆ ನೀರನ್ನು ಹೆಸರು ಹಿಡಿದು ಕರೆಯಿರಿ. ಮೋರಿ ಅನ್ನುವುದನ್ನು ನಾವು ಇಂದೇ ಬಿಡೋಣ. ಅದನ್ನು ದಾಟುವ ಪ್ರತಿ ಸೇತುವೆಯ ಮೇಲೂ ‘ವೃಷಭಾವತಿ ನದಿ’ ಎಂದು ದೊಡ್ಡ ಅಕ್ಷರದಲ್ಲಿ ಫಲಕ ಹಾಕಿಸಿ ಎಂದು ನಮ್ಮ ವಾರ್ಡಿನ ಕಚೇರಿಗೆ, ಶಾಸಕರಿಗೆ ಅರ್ಜಿ ಕೊಡೋಣ. ಹೊಲಸು ನೀರು ಶುದ್ಧವಾಗದೆ ಅದಕ್ಕೆ ಸೇರದಂತೆ, ಕಾರ್ಖಾನೆಯ ತ್ಯಾಜ್ಯ ಕದ್ದು ಬಿಡದಂತೆ ನೋಡಿಕೊಳ್ಳುವುದು ಸರ್ಕಾರದ ಕೆಲಸ. ಆ ಕೆಲಸ ಆಗುವವರೆಗೂ ಕೇಳುತ್ತಲೇ ಇರುವುದು ನಮ್ಮ ಕೆಲಸ, ಮಕ್ಕಳು ಕೇಳುವ ಹಾಗೆ, ಉತ್ತರ ಸಿಗುವವರೆಗೆ, ಬೇಸರವಿಲ್ಲದೆ. ಹೆಸರಿಲ್ಲದ ಮೋರಿ ಸತ್ತರೆ ಅಳುವವರಿಲ್ಲ. ಹೆಸರಿರುವ ನದಿಗೆ ವಾರಸುದಾರರು ಹುಟ್ಟಿಕೊಳ್ಳುತ್ತಾರೆ.

ಕಳೆದ ತಿಂಗಳು ಮತ್ತೆ ಅದೇ ದಾರಿಯಲ್ಲಿ, ಅದೇ ಮೆಟ್ರೋದಲ್ಲಿ ಹೋದೆವು. ನಾಯಂಡಹಳ್ಳಿ ದಾಟುತ್ತಲೇ ಪುಟ್ಟಿ ಗಾಜಿಗೆ ಮೂಗು ಒತ್ತಿ, ನಾಲಿಗೆ ತೊಡರಿಸಿಕೊಳ್ಳುತ್ತಾ ಗಟ್ಟಿಯಾಗಿ ಕೂಗಿದಳು: “ತಾತಾ, ವು-ಷ-ಬಾ-ವತಿ ಬಂತು!” ಎದುರು ಸಾಲಿನಲ್ಲಿ ಫೋನು ನೋಡುತ್ತಿದ್ದ ಇಬ್ಬರು ತಲೆಯೆತ್ತಿದರು, ತಿರುಗಿ ಕಿಟಕಿಯ ಹೊರಗೆ ನೋಡಿದರು. ಈ ಸಲ ಅವಳು ಎಲ್ಲಿಗೆ ಹೋಗತ್ತೆ ಎಂದು ಕೇಳಿದಾಗ ನನ್ನಲ್ಲಿ ಉತ್ತರವಿತ್ತು. ಬೈರಮಂಗಲ, ಅರ್ಕಾವತಿ, ಸಂಗಮ, ಕಾವೇರಿ, ಸಮುದ್ರ ಎಂದು ಒಂದೊಂದೇ ಬೆರಳು ಮಡಿಸಿ ಹೇಳಿದೆ. ಅವಳು ಬೆರಳುಗಳನ್ನು ನೋಡುತ್ತಾ ಸ್ವಲ್ಪ ಹೊತ್ತು ಯೋಚಿಸಿದಳು.

“ಹಂಗಾದ್ರೆ ಅಲ್ಲಿರೋ ಪಾಪುಗಳು ಇದೇ ನೀರಲ್ಲಿ ಆಟ ಆಡ್ತಾರಾ ತಾತಾ?”

ಈ ಸಲ ಸುಮ್ನಿರು ಅನ್ನಲಿಲ್ಲ. ನನ್ನೊಬ್ಬನ ಕೈಯಲ್ಲಿ ಇದಕ್ಕೆ ಉತ್ತರವಿಲ್ಲ. ಅದಕ್ಕೇ ಅವಳ ಪ್ರಶ್ನೆಯನ್ನು ನಿಮ್ಮೆಲ್ಲರ ಮನೆಬಾಗಿಲಿಗೆ ತಂದಿದ್ದೇನೆ. ದಯವಿಟ್ಟು ಒಳಗೆ ಕರೆಯಿರಿ.